ಜೆಸಿಬಿಗೆ ಮೊದಲು ಲೊಕೇಟರ್ ಬರಲಿ

ಬೆಂಗಳೂರಿನಲ್ಲಿ ರಸ್ತೆ ಅಗೆದು ಕೇಬಲ್ ಕತ್ತರಿಸಿದಾಗಲೆಲ್ಲ ಕೇಳಿಬರುವುದು ಒಂದೇ ರಾಗ: ಇಲಾಖೆಗಳ ನಡುವೆ ಸಮನ್ವಯವಿಲ್ಲ. 2023ರ ಮಾರ್ಚ್‌ನಲ್ಲಿ ಎಚ್‌ಎಸ್‌ಆರ್ ಬಡಾವಣೆಯಲ್ಲಿ ಅಗೆಯುವಾಗ ಗ್ಯಾಸ್ ಪೈಪ್ ಒಡೆದು, ಸ್ಫೋಟವಾಗಿ ಜನ ಗಾಯಗೊಂಡಾಗಲೂ ಕೇಳಿಬಂದದ್ದು ಅದೇ. ಅದೇ ತಿಂಗಳು ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿತು. ಬೇಕಾಬಿಟ್ಟಿ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂದು ಲೆಕ್ಕ ಕೊಟ್ಟದ್ದೂ ಸರ್ಕಾರವೇ.

ಆ್ಯಪ್ ಬೇಡವೆನ್ನುತ್ತಿಲ್ಲ. ಅಗೆಯುವವರಿಗೂ ಕೇಬಲ್‌ ಮಾಲೀಕರಿಗೂ ಅದು ಸಂಪರ್ಕ ಕಲ್ಪಿಸುತ್ತದೆ, ಅಷ್ಟೇ. ಫುಟ್‌ಪಾತಿನಿಂದ ಕೇಬಲ್ ಎಷ್ಟು ಅಡಿ ದೂರ, ಎಷ್ಟು ಆಳ ಎಂಬುದನ್ನು ಸ್ಥಳದಲ್ಲೇ ಪತ್ತೆ ಮಾಡಬೇಕು. ಅದಕ್ಕೆ ಲೊಕೇಟರ್ ಎಂಬ ಉಪಕರಣವೂ ಇದೆ. ಟ್ರಾನ್ಸ್‌ಮಿಟರ್‌ನಿಂದ ಕೇಬಲ್‌ಗೋ ಲೋಹದ ಪೈಪಿಗೋ 33 ಕಿಲೋಹರ್ಟ್ಸ್‌ನಂಥ ಸಿಗ್ನಲ್ ಹಾಯಿಸಿದರೆ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ರಿಸೀವರ್ ಹಿಡಿದು ರಸ್ತೆಯ ಮೇಲೆ ಅಡ್ಡಡ್ಡ ನಡೆದರೆ, ಕೇಬಲ್ಲಿನ ನೇರ ಮೇಲೆ ಸದ್ದು ಜೋರಾಗುತ್ತದೆ. ಅಲ್ಲಿ ಬಣ್ಣ ಬಳಿದು, ಕೈಯಿಂದಲೇ ಹುಷಾರಾಗಿ ಗುಂಡಿ ತೋಡಿ, ಕಣ್ಣಾರೆ ನೋಡಿದ ಮೇಲೆ ಜೆಸಿಬಿ ಇಳಿಯಬೇಕು.

ಈ ಉಪಕರಣ ನಮ್ಮ ರಸ್ತೆಗಳಿಗೆ ಆಗದು ಎಂಬ ವಾದವಿದೆ. ಅರ್ಧ ನಿಜ. ಪ್ಲಾಸ್ಟಿಕ್ ಗ್ಯಾಸ್ ಪೈಪಿನಲ್ಲಿ, ಲೋಹವಿಲ್ಲದ ಫೈಬರ್ ಕೇಬಲ್‌ನಲ್ಲಿ ಸಿಗ್ನಲ್ ಹರಿಯದು. ಹತ್ತು ಕೇಬಲ್ ಒತ್ತೊತ್ತಾಗಿದ್ದರೆ ಪಕ್ಕದ್ದಕ್ಕೂ ಹಬ್ಬಿ ದಾರಿ ತಪ್ಪಿಸುತ್ತದೆ. ಹಾಗೆಂದೇ ಪ್ಲಾಸ್ಟಿಕ್ ಹೂಳುವವರು ಜೊತೆಗೆ ಸಿಗ್ನಲ್ ಹರಿಯುವಂಥ ಒಂದು ಟ್ರೇಸರ್ ತಂತಿಯನ್ನೂ ಹಾಕಬೇಕು. ಇಲ್ಲದ ಕಡೆ ನೆಲ ಶೋಧಿಸುವ ರಾಡಾರ್ ತರಬೇಕು. ಸದ್ದು ಬರಲಿಲ್ಲವೆಂದರೆ ಅಗೆಯಬಹುದು ಎಂದಲ್ಲ!

ಇನ್ನು ದುಡ್ಡಿನ ಮಾತು. ಪತ್ತೆ ಕೆಲಸಕ್ಕೆ ಟೆಂಡರಿನಲ್ಲಿ ಬೇರೆ ದರವಿಲ್ಲದಿದ್ದರೆ ಯಾವ ಗುತ್ತಿಗೆದಾರ ಕೈಯಿಂದ ಹಾಕಿ ಮಾಡಿಸುತ್ತಾನೆ? ಆ ಹೊಣೆ ಗುತ್ತಿಗೆದಾರನದೇ ಆಗಬೇಕಿಲ್ಲ: ಅಮೆರಿಕದಲ್ಲಿ 2007ರಿಂದ 811 ಎಂಬ ಒಂದೇ ಸಂಖ್ಯೆಯಿದೆ. ಕರೆ ಮಾಡಿದರೆ ಕೇಬಲ್, ಪೈಪ್ ಮಾಲೀಕರ ಕಡೆಯವರೇ ಬಂದು ವಿದ್ಯುತ್ತಿಗೆ ಕೆಂಪು, ಗ್ಯಾಸಿಗೆ ಹಳದಿ, ಕುಡಿಯುವ ನೀರಿಗೆ ನೀಲಿ ಗುರುತು ಹಾಕುತ್ತಾರೆ. ಹೂತವನದೇ ಹೊಣೆ. ನಮ್ಮಲ್ಲಿ ಮಾತ್ರ ಹೂತವನು ಮರೆಯಬಹುದು, ಅಗೆದವನು ಊಹಿಸಬಹುದು, ನೀರೂ ಕರೆಂಟೂ ಇಲ್ಲದೆ ಕೂರುವವರು ನಾವು.

ಗುರುತಿನ ಫೋಟೊ ಇಲ್ಲದೆ ಅಗೆತಕ್ಕೆ ಅನುಮತಿ ಕೊಡಬಾರದು. ಗುರುತು ಹಾಕದ ಮಾಲೀಕನಿಗೂ ಕಾಯದೆ ಅಗೆದ ಗುತ್ತಿಗೆದಾರನಿಗೂ ದಂಡ ಬೀಳಬೇಕು. ನಿಮ್ಮ ರಸ್ತೆಗೆ ಜೆಸಿಬಿ ಬಂದರೆ, ಬಕೆಟ್ ನೆಲ ಮುಟ್ಟುವ ಮೊದಲೇ ಎಂಜಿನಿಯರನ್ನು ಕೇಳಿ: ಗುರುತು ಎಲ್ಲಿ ಸ್ವಾಮಿ?