1928ರ ಪುಸ್ತಕವನ್ನು ನಾವೇಕೆ ಕೆಳಗಿಡುವುದಿಲ್ಲ

ಅಮೆರಿಕದ ಎಪಿಸ್ಕೋಪಲ್ ಸಭೆಯ 1928ರ ಸಾಮಾನ್ಯ ಪ್ರಾರ್ಥನಾ ಪುಸ್ತಕ ಹಿಡಿದು ಆರಾಧಿಸುವ ನಮ್ಮನ್ನು ಹಳೆಯದರ ಮೋಹಿಗಳೆಂದು ತಳ್ಳಿಹಾಕುವುದು ರೂಢಿಯಾಗಿದೆ. ತಳ್ಳುವವರ ವಾದಗಳನ್ನೇ ಎತ್ತಿಕೊಳ್ಳೋಣ, ತೀರ್ಪು ಓದುಗರದು.

ಅದರ ಬದಲಿಗೆ ಬಂದ 1979ರ ಪುಸ್ತಕದಲ್ಲಿ ಬದಲಾದದ್ದು ಭಾಷೆ ಮಾತ್ರ, ವಿಶ್ವಾಸವಲ್ಲ ಎನ್ನುತ್ತಾರೆ. ಹಾಗಾದರೆ ಬೆಳಗಿನ ಆರಾಧನೆಯ ಪಾಪದ ಅರಿಕೆಯಲ್ಲಿ, ನಮ್ಮೊಳಗೆ ಸ್ವಸ್ಥವಾದದ್ದೇನೂ ಉಳಿದಿಲ್ಲವೆಂದು ಒಪ್ಪಿಕೊಳ್ಳುತ್ತಿದ್ದ ಮಾತು ಎಲ್ಲಿ ಹೋಯಿತು? ಹಳೆಯ ಶೈಲಿಗೆಂದೇ ಮೀಸಲಿಟ್ಟ ಮೊದಲನೆಯ ಕ್ರಮದಲ್ಲೂ ಅದಿಲ್ಲ. ಕರ್ತನ ಮೇಜಿನ ಬಳಿ ಬರಲು ನಾವು ಅಯೋಗ್ಯರೆಂದು ಹೇಳಿಕೊಳ್ಳುವ ಪ್ರಾರ್ಥನೆ ಆ ಕ್ರಮದಲ್ಲಿ ಬೇಕಾದರೆ ಹೇಳಬಹುದು, ಬಿಡಬಹುದು. ಇಂದಿನ ಭಾಷೆಯ ಎರಡನೆಯ ಕ್ರಮದಲ್ಲಿ ಇಲ್ಲವೇ ಇಲ್ಲ. ತೊಂದರೆ ಹಳೆಯ ಭಾಷೆಯದ್ದೇ ಆಗಿದ್ದರೆ ಅದೇ ಅರಿಕೆಯನ್ನು ಹೊಸ ಭಾಷೆಯಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಮನುಷ್ಯ ಎಷ್ಟು ಪಾಪಿ ಎಂಬ ಬೋಧನೆಯನ್ನೇ ಸಡಿಲಿಸಿ, ಅದಕ್ಕೆ ಭಾಷಾ ಸುಧಾರಣೆ ಎಂಬ ಹೆಸರಿಟ್ಟರು.

ಎರಡನೆಯ ವಾದ: ಇಂಗ್ಲೆಂಡಿನ ಸಭೆಯ ಮೊದಲ ಪ್ರಾರ್ಥನಾ ಪುಸ್ತಕ ರೂಪಿಸಿದ ಕ್ರ್ಯಾನ್ಮರ್ ಕೂಡ ಬದಲಾಯಿಸಿದವನೇ, ಪರಿಷ್ಕರಣೆಯೇ ಆಂಗ್ಲಿಕನ್ ಪರಂಪರೆ. ಪರಿಷ್ಕರಣೆ ನಡೆದದ್ದು ನಿಜ. ಅಮೆರಿಕದಲ್ಲೇ 1789, 1892, 1928ರ ಪುಸ್ತಕಗಳಿವೆ. ಆದರೆ ಕ್ರ್ಯಾನ್ಮರನನ್ನು ಸಾಕ್ಷಿಗೆ ಕರೆಯುವವರು ಅವನ ಸಾಕ್ಷ್ಯವನ್ನು ಪೂರ್ತಿ ಕೇಳಬೇಕು. 1549ರ ಪುಸ್ತಕದಲ್ಲಿ ರೊಟ್ಟಿಯನ್ನು ಕೊಡುವಾಗ ಹೇಳುತ್ತಿದ್ದ ಮಾತನ್ನು 1552ರಲ್ಲಿ ಬದಲಾಯಿಸಿದ್ದು ಕಿವಿಗೆ ಇಂಪಾಗಲಿ ಎಂದಲ್ಲ. ಕರ್ತನ ಭೋಜನದಲ್ಲಿ ಕ್ರಿಸ್ತನ ಸಾನ್ನಿಧ್ಯ ಎಂಥದು ಎಂಬ ಬೋಧನೆ ಬದಲಾಗಿತ್ತು, ಅದಕ್ಕೇ ಮಾತೂ ಬದಲಾಯಿತು. ಆರಾಧನೆಯ ಮಾತು ಮುಟ್ಟಿದರೆ ವಿಶ್ವಾಸವನ್ನೇ ಮುಟ್ಟಿದಂತೆ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಈ ಎರಡನೆಯ ವಾದ ಅವರ ಮೊದಲನೆಯದನ್ನೇ ಕೆಡವುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿ.

ಹೊಸ ಪುಸ್ತಕವಿಲ್ಲದೆ ಎಳೆಯರು ಬರುವುದಿಲ್ಲ ಎಂಬ ಮಾತೂ ಇತ್ತು. 1960ರ ದಶಕದ ನಡುವೆ 34 ಲಕ್ಷದಷ್ಟಿದ್ದ ಸಭೆಯ ಸದಸ್ಯರು ಈಗ ಅದರ ಅರ್ಧಕ್ಕೂ ಕಡಿಮೆ. ಇಳಿತಕ್ಕೆ ಪುಸ್ತಕವೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಪುಸ್ತಕ ಬದಲಿಸಿದರೆ ಜನ ಬರುತ್ತಾರೆಂದವರು ಅವರು. ಲೆಕ್ಕ ಒಪ್ಪಿಸಬೇಕಾದವರೂ ಅವರೇ.

ಕೊನೆಯ ಆರೋಪ ನನಗೆ ಹೆಚ್ಚು ನೋವಿನದು: ಸಭೆಯಲ್ಲಿ ಎಲ್ಲರಿಗೂ ಜಾಗವಿತ್ತು, ಸೈರಣೆಯಿಲ್ಲದೆ ಹೊರನಡೆದವರು ನೀವೇ. ನಡೆದದ್ದೇನು ನೋಡಿ: ಸ್ತ್ರೀಯರ ಗುರುದೀಕ್ಷೆಗೆ 1976ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಒಪ್ಪದವರ ಮನಸ್ಸಾಕ್ಷಿಗೆ ಬಲವಂತವಿಲ್ಲವೆಂದು ಮರುವರ್ಷ ಬಿಷಪ್ಪರೇ ಫ್ಲಾರಿಡಾದಲ್ಲಿ ಸೇರಿ ಮಾತು ಕೊಟ್ಟರು. ಆದರೆ 1997ರ ಮಹಾಸಭೆ ಸ್ತ್ರೀಯರ ದೀಕ್ಷೆಯನ್ನು ಎಲ್ಲ ಬಿಷಪ್ ಪ್ರಾಂತಗಳಿಗೂ ಕಡ್ಡಾಯ ಮಾಡಿತು. ಅದರ ಮರುವರ್ಷವೇ ನ್ಯೂವಾರ್ಕ್‌ನ ಬಿಷಪ್ ಜಾನ್ ಶೆಲ್ಬಿ ಸ್ಪಾಂಗ್ ಕನ್ಯಾಜನನವನ್ನೂ ಕ್ರಿಸ್ತನ ದೇಹದ ಪುನರುತ್ಥಾನವನ್ನೂ ನಿರಾಕರಿಸುವ 12 ಅಂಶಗಳನ್ನು ಪ್ರಕಟಿಸಿದರು; 2000ದಲ್ಲಿ ನಿವೃತ್ತರಾಗುವವರೆಗೂ ಬಿಷಪ್ಪರಾಗಿಯೇ ಇದ್ದರು. ವಿಶ್ವಾಸಪ್ರಮಾಣವನ್ನು ಅಲ್ಲಗಳೆದ ಬಿಷಪ್ಪರಿಗೆ ಸಿಕ್ಕ ಸೈರಣೆ, ಅದನ್ನು ಅಕ್ಷರಶಃ ನಂಬಿದ ಪ್ರಾಂತಗಳಿಗೆ ಯಾಕೆ ಸಿಗಲಿಲ್ಲ? ಇದಕ್ಕೆ ಉತ್ತರ ಕೊಡದವರಿಗೆ, ಬಿಟ್ಟುಹೋದವರು ನೀವು ಎನ್ನುವ ಹಕ್ಕಿಲ್ಲ.