ಸೈಕಲ್ ತುಳಿಯುವವನಿಗೆ ಉಪ್ಪು-ಸಕ್ಕರೆಯ ನೀರು

ಬೈಲಹೊಂಗಲದಿಂದ ಕಿತ್ತೂರಿಗೆ, ಸವದತ್ತಿಯಿಂದ ರಾಮದುರ್ಗಕ್ಕೆ ಬಿಸಿಲಲ್ಲಿ ಸೈಕಲ್ ತುಳಿಯುವವರ ಬೆವರಿನೊಡನೆ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಬರಿಯ ನೀರಿನಿಂದ ಈ ನಷ್ಟ ತುಂಬದು. ಕೃತಕ ಸಿಹಿ ಬೆರೆಸಿದ ಬಣ್ಣದ ಬಾಟಲಿಗೆ ದುಡ್ಡು ಸುರಿಯುವುದೂ ವ್ಯರ್ಥ. ಕರುಳು ಉಪ್ಪನ್ನು ಬೇಗ ಹೀರಲು ಸಕ್ಕರೆಯ ನೆರವು ಬೇಕು. ಕೃತಕ ಸಿಹಿಗೆ ಆ ಶಕ್ತಿಯಿಲ್ಲ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬೀಸ್ ಕಾಲರಾ ರೋಗಿಗಳ ಜೀವ ಉಳಿಸಿದ್ದು ಇದೇ ತತ್ವದಿಂದ.

ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ತುಸು ಲಿಂಬೆರಸ ಸಾಕು. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದೇ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳಬೇಕು.

ಗಿರಣಿಯ ಬಾಗಿಲಲ್ಲಿ, ಪೇಟೆಯಲ್ಲಿ ಬೇಸಿಗೆಯುದ್ದಕ್ಕೂ ಇಂಥ ಅರವಟ್ಟಿಗೆ ಇಡಬೇಕೆಂದು ನಾವು ಒತ್ತಾಯಿಸುತ್ತೇವೆ. ಇದು ದುಡಿಸಿಕೊಳ್ಳುವವರ ಹೊಣೆ.