ಹೊಸ ಲಾರಿಗೆ ತುಕ್ಕಿನ ದೃಷ್ಟಿ

ರಟ್ಟೀಹಳ್ಳಿಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಬ್ಯಾಂಕಿನ ಸಾಲದಲ್ಲಿ ಹತ್ತು ಚಕ್ರದ ಹೊಸ ಲಾರಿ ಕೊಂಡಿದ್ದಾರೆ. ಸದ್ಯಕ್ಕೆ ಮನೆ ಮುಂದೆ ನಿಂತಿರುವುದು ಬರೀ ಚಾಸಿ ಮತ್ತು ಕ್ಯಾಬಿನ್. ಹಿಂದಿನ ಬಾಡಿ ಕಟ್ಟಿಸಲು ಹುಬ್ಬಳ್ಳಿಗೆ ಒಯ್ಯಬೇಕು. ದೃಷ್ಟಿ ತಾಗದಿರಲೆಂದು ಲಿಂಬೆಹಣ್ಣು, ಮೆಣಸಿನಕಾಯಿ, ಕರಿದಾರ ಎಲ್ಲ ಕಟ್ಟಿ ಆಗಿದೆ. ಅಷ್ಟರಲ್ಲಿ ಕೆನಡಾದ ಟೊರಾಂಟೊದಲ್ಲಿರುವ ಅಕ್ಕನ ಮಗ ಫೋನು ಮಾಡಿ, ‘ಮಾಮಾ, ಇಲ್ಲೆ ಹೊಸಾ ಗಾಡಿ ತಗೊಂಡೋರು ಚಳಿಗಾಲಕ್ಕ ಮೊದಲ ಅದರ ಹೊಟ್ಟಿಗೆಲ್ಲ ಎಣ್ಣಿ ಹೊಡಸ್ತಾರ, ನೀವೂ ಹೊಡಸ್ರಿ’ ಅಂದನಂತೆ. ‘ನಮ್ಮಲ್ಲಿ ಹಿಮ ಎಲ್ಲಿದೆ ಸ್ವಾಮಿ? ಇದು ಬೇಕೋ ಬೇಡವೋ ಹೇಳಿ’ ಎಂಬುದು ಅವರ ಪ್ರಶ್ನೆ.

ಕೆನಡಾದಲ್ಲಿ ಲಾರಿಯನ್ನು ತಿನ್ನುವುದು ಹಿಮವಲ್ಲ, ಉಪ್ಪು. ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆ ಕಟ್ಟುತ್ತದೆ. ಅದಕ್ಕೆ ಉಪ್ಪು ಬೆರೆತರೆ ಇನ್ನೂ ತಣ್ಣಗಾಗುವ ತನಕ ನೀರಾಗಿಯೇ ಉಳಿಯುತ್ತದೆ. ನೂರು ಪಾಲಿನಲ್ಲಿ 23 ಪಾಲು ಉಪ್ಪಿದ್ದರೆ ಸೊನ್ನೆಯಿಂದ 21 ಡಿಗ್ರಿ ಕೆಳಗಿಳಿದರೂ ಅದು ದ್ರವವೇ. ಆದ್ದರಿಂದ ಅಲ್ಲಿನ ನಗರಸಭೆಗಳು ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಎರಚುತ್ತವೆ. ಚಳಿ ಇನ್ನೂ ಬಿಗಿಯಾದರೆ ಕ್ಯಾಲ್ಸಿಯಂ ಕ್ಲೋರೈಡನ್ನು ಸಿಂಪಡಿಸುತ್ತಾರೆ. ಇದು ಗಾಳಿಯಲ್ಲಿನ ತೇವವನ್ನೂ ಎಳೆದುಕೊಳ್ಳುವ ವಸ್ತು, ಬೇಗ ಒಣಗುವುದೇ ಇಲ್ಲ. ಈ ಉಪ್ಪುಗೆಸರನ್ನು ಚಕ್ರಗಳು ಎತ್ತಿ ಲಾರಿಯ ಹೊಟ್ಟೆಗೆ ಬಡಿಯುತ್ತವೆ.

ಕಬ್ಬಿಣಕ್ಕೆ ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ ಎರಡೂ ತಾಗಿದರೆ ತುಕ್ಕು. ಆಗ ಅದರ ಮೈಮೇಲೆ ಸಣ್ಣ ಸಣ್ಣ ಬ್ಯಾಟರಿಗಳಂಥವು ಹುಟ್ಟಿಕೊಳ್ಳುತ್ತವೆ. ಒಂದು ಕಡೆ ಕಬ್ಬಿಣ ಕರಗುತ್ತದೆ, ಪಕ್ಕದಲ್ಲಿ ಆಮ್ಲಜನಕ ಕೆಲಸ ಮುಗಿಸುತ್ತದೆ, ನಡುವೆ ವಿದ್ಯುತ್ತು ಹರಿಯುತ್ತದೆ. ಶುದ್ಧ ನೀರಿನಲ್ಲಿ ವಿದ್ಯುತ್ತಿನ ಓಡಾಟ ಕಷ್ಟ, ಉಪ್ಪುನೀರಿನಲ್ಲಿ ಸಲೀಸು. ಸಾಲದ್ದಕ್ಕೆ ಉಪ್ಪಿನೊಳಗಿನ ಕ್ಲೋರೈಡ್, ಕಬ್ಬಿಣ ತನ್ನ ರಕ್ಷಣೆಗೆಂದು ಹೊದ್ದುಕೊಂಡ ತೆಳುಪೊರೆಯನ್ನೂ ಹರಿದುಹಾಕುತ್ತದೆ.

ಇದು ಹಳೆಯ ಗುಜರಿ ಗಾಡಿಗಳ ಪಾಡು ಮಾತ್ರ ಎಂದುಕೊಳ್ಳಬೇಡಿ. ಟೊಯೊಟಾ ಕಂಪನಿಯ ಪಿಕಪ್ ಟ್ರಕ್ಕುಗಳ ಚಾಸಿಗಳಿಗೆ ತುಕ್ಕಿನಿಂದ ಸಾಕಷ್ಟು ರಕ್ಷಣೆ ಇಲ್ಲವೆಂದು ಅಮೆರಿಕದಲ್ಲಿ ಮಾಲೀಕರು ದಾವೆ ಹೂಡಿದ್ದರು. 2016ರಲ್ಲಿ ಕಂಪನಿ ರಾಜಿಗೆ ಬಂತು. ಸುಮಾರು 15 ಲಕ್ಷ ವಾಹನಗಳ ಚಾಸಿ ತಪಾಸಣೆ, ಬೇಕಾದಲ್ಲಿ ಬದಲಾವಣೆ. ಇದರ ಅಂದಾಜು ವೆಚ್ಚ 340 ಕೋಟಿ ಡಾಲರ್ ವರೆಗೆ! ಟೊರಾಂಟೊದ ಹುಡುಗನ ಗಾಬರಿಗೆ ಅರ್ಥವಿದೆ.

ಈಗ ರಟ್ಟೀಹಳ್ಳಿಗೆ ಬರೋಣ. ಈ ಲಾರಿ ಏನೇನು ಹೊರಲಿದೆ ಎಂದು ಕಾಗದದಲ್ಲೇ ಪಟ್ಟಿ ಇದೆ: ಗೋವಿನಜೋಳ, ಹತ್ತಿ, ಮುಂಗಾರಿಗೆ ಮುಂಚೆ ಗೊಬ್ಬರ, ಮರಳುವಾಗ ಬಾಡಿಗೆ ಸಿಕ್ಕರೆ ಕುಮಟಾ ಕಡೆಯಿಂದ ಉಪ್ಪು. ಜೋಳ, ಹತ್ತಿಯ ಚಿಂತೆ ಇಲ್ಲ. ಗೊಬ್ಬರದ ಚೀಲಗಳನ್ನು ಬಿಚ್ಚಿ ನೋಡೋಣ. ಪೊಟ್ಯಾಷ್ ಎಂದು ನಾವು ಹೊಲಕ್ಕೆ ಹಾಕುವುದು ಪೊಟ್ಯಾಸಿಯಂ ಕ್ಲೋರೈಡ್, ಅಡಿಗೆ ಉಪ್ಪಿನ ಖಾಸಾ ದಾಯಾದಿ. ಅದೂ ಹಿಮ ಕರಗಿಸುತ್ತದೆ. ಯೂರಿಯಾವನ್ನಂತೂ ತಣ್ಣನೆಯ ದೇಶಗಳಲ್ಲಿ ವಿಮಾನ ಇಳಿಯುವ ಪಟ್ಟಿಯ ಮೇಲೆ ಹಿಮ ಕರಗಿಸಲೆಂದೇ ಚೆಲ್ಲುತ್ತಿದ್ದರು. ಇನ್ನು ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿಗೆ ವಿವರಣೆ ಬೇಕಿಲ್ಲ. ಹಿಮದ ನಾಡಿನವರು ರಸ್ತೆಗೆ ಎರಚುವುದನ್ನು ನಾವು ಲಾರಿಯ ಮೇಲೇ ಹೇರಿಕೊಂಡು ದೇವಿಮನೆ ಘಟ್ಟ ಹತ್ತಿಸುತ್ತೇವೆ. ಹಾದಿಯಲ್ಲಿ ಮೀನಿನ ಲಾರಿ ಮುಂದಿದ್ದರೆ ಅದರಿಂದ ಸುರಿಯುವ ಉಪ್ಪುನೀರು ಬೇರೆ.

ಅಲ್ಲಿಗೂ ಇಲ್ಲಿಗೂ ಇನ್ನೊಂದು ವ್ಯತ್ಯಾಸವಿದೆ, ಅದು ನಮಗೆ ಅನುಕೂಲದ್ದಲ್ಲ. ರಾಸಾಯನಿಕ ಕ್ರಿಯೆಗಳು ಬಿಸಿಯಲ್ಲಿ ಚುರುಕು, ಚಳಿಯಲ್ಲಿ ಮಂದ. ಕೊರೆಯುವ ಚಳಿಯಲ್ಲಿ ಅಲ್ಲಿ ತುಕ್ಕಿಗೂ ಮೈ ಜಡವಾಗುತ್ತದೆ. ಉಪ್ಪು ಮೆತ್ತಿದ ಗಾಡಿಯನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೇ ಹೆಚ್ಚು ಹಾನಿ ಎಂದು ಅಲ್ಲಿಯವರು ಕಂಡುಕೊಂಡಿದ್ದಾರೆ. ನಮ್ಮದು ವರ್ಷವಿಡೀ ಬೆಚ್ಚಗಿನ ಗ್ಯಾರೇಜು. ಜೂನ್‌ನಿಂದ ಸೆಪ್ಟೆಂಬರ್ ತನಕ ತೇವಕ್ಕೂ ಕೊರತೆಯಿಲ್ಲ.

ಆದ್ದರಿಂದ ನನ್ನ ಉತ್ತರ: ಬೇಕು. ಆದರೆ ಅಳಿಯ ಹೇಳಿದಂತೆ ಎಣ್ಣೆ ಹೊಡೆಸುವುದು ಎರಡನೆಯ ಮಾತು. ಮೊದಲನೆಯದು, ಬಾಡಿ ಕೂರಿಸುವ ಮುಂಚೆ ಮಾಡಬೇಕಾದದ್ದು. ಲಾರಿ ಹುಬ್ಬಳ್ಳಿಗೆ ಹೋದಮೇಲೆ ಆ ಅವಕಾಶ ಮತ್ತೆ ಸಿಗದು.

ಲಾರಿಯ ಚಾಸಿ ಎಂದರೆ ಎರಡು ಉದ್ದನೆಯ ಉಕ್ಕಿನ ತೊಲೆ, ಅವನ್ನು ಜೋಡಿಸುವ ಅಡ್ಡಪಟ್ಟಿಗಳು. ಬಾಡಿ ಕಟ್ಟುವಾಗ ತೊಲೆಗಳ ಮೇಲೆ ಮರದ ದಿಮ್ಮಿ ಇಟ್ಟು ಯು ಬೋಲ್ಟ್ ಬಿಗಿಯುತ್ತಾರೆ. ಅಂದಿನಿಂದ ತೊಲೆಯ ಮೇಲ್ಮೈಯನ್ನು ಯಾರೂ ಕಣ್ಣಾರೆ ಕಾಣುವುದಿಲ್ಲ. ಉಪ್ಪಿನ ಪುಡಿ, ಯೂರಿಯಾದ ಪುಡಿ ಹಲಗೆಯ ಸಂದಿನಲ್ಲಿ ಇಳಿದು ಅಲ್ಲೇ ಸೇರುತ್ತದೆ. ಮರ ಮಳೆನೀರು ಹೀರಿಕೊಂಡು ದಿನಗಟ್ಟಲೆ ಒದ್ದೆಯಾಗಿರುತ್ತದೆ. ಒದ್ದೆ ಮರದಿಂದ ಒಸರುವ ಹುಳಿಯೂ ಕಬ್ಬಿಣಕ್ಕೆ ಆಗದು. ಮರದಲ್ಲಿ ಹೂತ ಹಳೆಯ ಮೊಳೆಯನ್ನು ಕಿತ್ತು ನೋಡಿದವರಿಗೆ ಇದು ಗೊತ್ತು. ಎರಡು ತಗಡು ಒಂದರ ಮೇಲೊಂದು ಕೂತ ಜೋಡುಗಳಲ್ಲೂ ಹೀಗೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಸಂದಿನಲ್ಲಿ ಹುಟ್ಟಿದ ತುಕ್ಕು ಉಬ್ಬಿ, ರಿವೆಟ್ ಬಿಗಿದ ತಗಡುಗಳನ್ನೇ ಬೇರ್ಪಡಿಸುತ್ತದೆ. ಕ್ಯಾಬಿನ್ನಿನ ಮೇಲೆ ಮೂಡಿದ ಕೆಂಪು ಚುಕ್ಕೆಗೆ ಮಾಲೀಕರು ಪೇಂಟರನ್ನು ಕರೆಸುತ್ತಾರೆ. ಲಾರಿಯ ಬೆನ್ನೆಲುಬು ಕಾಣದಂತೆ ಕರಗುತ್ತಿರುತ್ತದೆ.

ನಿಜ ಹೇಳಬೇಕೆಂದರೆ ಕ್ಯಾಬಿನ್ನಿಗೆ ಅಂಥ ಭಯವಿಲ್ಲ. ಬಣ್ಣಕ್ಕೆ ಮೊದಲು ಕಾರ್ಖಾನೆಯಲ್ಲಿ ಅದಕ್ಕೆ ಫಾಸ್ಫೇಟ್ ದ್ರಾವಣದ ಸ್ನಾನ ಮಾಡಿಸುತ್ತಾರೆ. ರಂಜಕಕ್ಕೂ ಕಬ್ಬಿಣಕ್ಕೂ ಹಳೆಯ ಸ್ನೇಹ. ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷ ನಿಂತ ಗುಟ್ಟು ಅದರಲ್ಲಿನ ರಂಜಕ ಕಟ್ಟಿಕೊಟ್ಟ ರಕ್ಷಾಪೊರೆ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು. ಅಷ್ಟು ದೂರ ಹೋಗುವುದೇಕೆ, ನಮ್ಮ ಕೊಡಚಾದ್ರಿಯ ಮೇಲೆ ಮೂಕಾಂಬಿಕೆಯ ಗುಡಿಯ ಮುಂದೆ ಮಲೆನಾಡಿನ ಮಳೆಯನ್ನೆಲ್ಲ ನೆನೆಯುತ್ತ ಹಳೆಯ ಕಬ್ಬಿಣದ ಕಂಬವೊಂದು ನಿಂತಿದೆ. ಹೋದವರು ಗುಡಿಯ ಜೊತೆ ಅದನ್ನೂ ನೋಡಿ ಬನ್ನಿ.

ಚಾಸಿಯ ವಿಷಯಕ್ಕೆ ಮರಳೋಣ. ಕಂಪನಿಯ ಬಣ್ಣ ಎಲ್ಲೆಲ್ಲಿ ತರಚಿದೆಯೋ ಅಲ್ಲಿ ಉಜ್ಜಿ, ಧೂಳು ಒರೆಸಿ, ಪೂರ್ತಿ ಒಣಗಿದ ಮೇಲೆ ಸತುವಿನ ಪ್ರೈಮರ್ ಹಚ್ಚಿಸಿ. ಸತು ಇಲ್ಲಿ ಬರೀ ಹೊದಿಕೆಯಲ್ಲ. ಕಬ್ಬಿಣಕ್ಕೆ ಬರುವ ಸಾವನ್ನು ತಾನು ತೆಗೆದುಕೊಳ್ಳುವ ಲೋಹ ಅದು. ಪಕ್ಕದಲ್ಲಿ ತಾಗಿಕೊಂಡಿದ್ದರೆ ಮೊದಲು ಸತು ಸವೆಯುತ್ತದೆ, ಕಬ್ಬಿಣ ಉಳಿಯುತ್ತದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಯನ್ನು ಉಳಿಸಲು ಹಂಫ್ರಿ ಡೇವಿ 1824ರಲ್ಲಿ ಸೂಚಿಸಿದ್ದು ಇದೇ ಉಪಾಯ. ಪ್ರೈಮರ್ ಮೇಲೆ ಎಪಾಕ್ಸಿ ಬಣ್ಣ. ಮರ ಕೂರುವ ಜಾಗಕ್ಕೆ ಎರಡು ಕೋಟ್ ಇರಲಿ, ಮರಕ್ಕೂ ಉಕ್ಕಿಗೂ ನಡುವೆ ರಬ್ಬರ್ ಪಟ್ಟಿ ಇರಲಿ. ಬಾಡಿ ಕಟ್ಟುವ ಮೇಸ್ತ್ರಿ ಚಾಸಿಗೆ ವೆಲ್ಡಿಂಗ್ ಹೊಡೆಯಲು ಹೊರಟರೆ ಬೇಡವೆನ್ನಿ. ಸುಟ್ಟ ಜಾಗದಲ್ಲಿ ಬಣ್ಣ ಹೋಗುವುದಷ್ಟೇ ಅಲ್ಲ, ಉಕ್ಕಿನ ಕಸುವೂ ಕೆಡುತ್ತದೆ. ಲಾರಿ ಕಂಪನಿಗಳೇ ತಮ್ಮ ಪುಸ್ತಕದಲ್ಲಿ ಇದರ ಎಚ್ಚರಿಕೆ ಕೊಟ್ಟಿರುತ್ತವೆ. ಆ ಪುಸ್ತಕ ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನಲ್ಲಿ ದೇವರ ಫೋಟೊ ಹಿಂದೆ ಪ್ಲಾಸ್ಟಿಕ್ ಬಿಚ್ಚದೇ ಇರುತ್ತದೆ.

ಹೊಟ್ಟೆಗೆ ಡಾಂಬರಿನಂಥ ದಪ್ಪ ಕೋಟಿಂಗ್ ಹೊಡೆಸಿ ಎಂದು ಅಂಗಡಿಯವರು ಒತ್ತಾಯಿಸುತ್ತಾರೆ. ನನಗೆ ಅದರ ಮೇಲೆ ಅಷ್ಟು ವಿಶ್ವಾಸವಿಲ್ಲ. ಹೊಸದರಲ್ಲಿ ಚೆನ್ನ. ಕಲ್ಲು ಬಡಿದು ಒಂದು ಕಡೆ ಬಿರಿಯಿತೆನ್ನಿ, ನೀರು ಒಳಗೆ ನುಗ್ಗಿ ಹೊರಬರಲಾರದೆ ಕೂರುತ್ತದೆ. ಮೇಲೆ ಕರ್ರಗೆ ಮಿಂಚು, ಒಳಗೆ ಹಪ್ಪಳ. ಅದಕ್ಕಿಂತ ತೆಳುವಾದ ಎಣ್ಣೆ ಅಥವಾ ಮೇಣ ಮೇಲು, ಸಂದುಗಳಿಗೂ ಇಳಿಯುತ್ತದೆ. ಆದರೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮತ್ತೆ ಹೊಡೆಸಬೇಕು. ಅಳಿಯ ಹೇಳಿದ್ದು ಇದನ್ನೇ.

ನಮ್ಮಲ್ಲಿ ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲನ್ನೇ ಡೀಸೆಲ್ಲಿಗೆ ಬೆರೆಸಿ ಹೊಡೆಯುವ ರೂಢಿ ಇದೆ. ಪುಕ್ಕಟೆ ಸಿಗುತ್ತದೆ ನಿಜ. ಅದರಲ್ಲಿ ಆಮ್ಲಗಳಿರುತ್ತವೆ, ಲೋಹದ ಕಣಗಳಿರುತ್ತವೆ. ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ. ಬ್ರೇಕ್ ಲೈನರಿಗೆ ತಾಗಿದರೆ ಬ್ರೇಕ್ ಹಿಡಿಯದು. ತೊಟ್ಟಿಕ್ಕಿದ್ದು ಮನೆ ಮುಂದಿನ ಮಣ್ಣಿಗೆ, ಅಲ್ಲಿಂದ ಬಾವಿಗೆ. ಲಕ್ಷಗಟ್ಟಲೆ ಸಾಲದ ಗಾಡಿಗೆ ಒಂದು ಡಬ್ಬಿ ಹೊಸ ಎಣ್ಣೆ ಭಾರವಾಗಬಾರದು.

ಇನ್ನು ದಿನನಿತ್ಯದ ಮಾತು. ಗೊಬ್ಬರ ಅಥವಾ ಉಪ್ಪು ತುಂಬುವ ಮುಂಚೆ ಹಲಗೆಯ ಮೇಲೆ ತಾಡಪತ್ರಿ ಹಾಸಿ. ಇಳಿಸಿದ ಮೇಲೆ ಮೊದಲು ಕಸಬರಿಗೆ, ಆಮೇಲೆ ನೀರು. ಗುಡಿಸದೆ ನೀರು ಬಿಟ್ಟರೆ ಉಪ್ಪನ್ನು ಕರಗಿಸಿ ನೀವೇ ಸಂದಿಗೆ ಇಳಿಸಿದಂತೆ. ವಾಟರ್ ಸರ್ವಿಸ್‌ನಲ್ಲಿ ಹುಡುಗರು ಕ್ಯಾಬಿನ್ ಮಿಂಚಿಸುವುದರಲ್ಲೇ ಹೊತ್ತು ಕಳೆಯುತ್ತಾರೆ. ಕೆಳಗಿನಿಂದ, ಸ್ಪ್ರಿಂಗ್ ಪಟ್ಟಿಗಳ ಹತ್ತಿರ, ಚಾಸಿಯ ಒಳಮೈಗೆ ನೀರು ಹಾಯಿಸಲು ನಿಂತು ಹೇಳಬೇಕು. ಬೋರಿನ ಸವಳು ನೀರಾದರೆ ಬೇಡ. ಕುಮದ್ವತಿಗೆ ಲಾರಿ ಇಳಿಸುವುದಂತೂ ಬೇಡವೇ ಬೇಡ, ಕೆಳಗಿನ ಊರಿನವರು ಅದೇ ನೀರಿಗೆ ಬರುತ್ತಾರೆ. ತೊಳೆಸಿದ ಮೇಲೆ ಗ್ರೀಸ್ ಹೊಡೆಸಲೇಬೇಕು, ನೀರಿನ ರಭಸಕ್ಕೆ ಹಳೆಯ ಗ್ರೀಸ್ ಕಿತ್ತು ಹೋಗಿರುತ್ತದೆ. ಯೂರಿಯಾ ಒದ್ದೆಯಾದಲ್ಲಿ ಅಮೋನಿಯಾ ವಾಸನೆ ಬಂದರೆ ವೈರಿಂಗ್ ನೋಡಿಸಿ. ಅಮೋನಿಯಾ ತಾಮ್ರಕ್ಕೆ ಶತ್ರು, ಹಿಂದಿನ ಲೈಟಿನ ಜೋಡುಗಳು ಹಸಿರು ಕಿಲುಬುಗಟ್ಟಿ ರಾತ್ರಿ ಹೊತ್ತು ಕೈಕೊಡುತ್ತವೆ.

ಕಾಗದದಲ್ಲಿ ಕೇಳದ ಒಂದು ಸಂಗತಿಯನ್ನೂ ಹೇಳಬೇಕು. ಬ್ರೇಕಿಗೆ ಗಾಳಿ ಒದಗಿಸುವ ಏರ್ ಟ್ಯಾಂಕಿನಲ್ಲಿ ತೇವ ನೀರಾಗಿ ನಿಲ್ಲುತ್ತದೆ, ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊಸ ಲಾರಿಗಳಲ್ಲಿ ಗಾಳಿಯನ್ನು ಒಣಗಿಸುವ ಡ್ರೈಯರ್ ಇದೆ, ಆದರೆ ಅದಕ್ಕೂ ಆಯುಸ್ಸು ಉಂಟು. ಟ್ಯಾಂಕಿನ ಅಡಿಯ ವಾಲ್ವ್ ಎಳೆದು ನೀರು ಬಿಡುವುದು ಅರ್ಧ ನಿಮಿಷದ ಕೆಲಸ. ತುಕ್ಕಿನ ಚಕ್ಕೆ ವಾಲ್ವಿನಲ್ಲಿ ಸಿಕ್ಕಿದ ಲಾರಿ ಹೇರು ಹೊತ್ತು ದೇವಿಮನೆ ಘಟ್ಟ ಇಳಿಯುವುದನ್ನು ಊಹಿಸಿಕೊಳ್ಳಿ. ಡ್ರೈವರನ್ನು ನೇಮಿಸಿಕೊಂಡಿದ್ದರೆ ಬೆಳಗಿನ ಊದಿನಕಡ್ಡಿಯ ಜೊತೆ ಇದನ್ನೂ ಸೇರಿಸಲು ಹೇಳಿ.

ಪೂರ್ತಿ ತಪಾಸಣೆಗೆ ಖಂಡೆ ಪೂಜೆಗಿಂತ ಒಳ್ಳೆಯ ಹೊತ್ತಿಲ್ಲ. ಮಳೆ ಹಿಂದೆ ಸರಿದಿರುತ್ತದೆ, ಲಾರಿ ಹೇಗೂ ತೊಳೆಸಿಕೊಂಡು ನಿಂತಿರುತ್ತದೆ. ಬೂದುಗುಂಬಳಕಾಯಿ ಒಡೆಯುವ ಮುಂಚೆ ಸಣ್ಣ ಸುತ್ತಿಗೆ ಹಿಡಿದು ಅಡಿಗೆ ನುಗ್ಗಿ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರು ಬೆರಳಿನಿಂದ ಬಡಿದು ನೋಡುವಂತೆ ಚಾಸಿಯನ್ನು ಅಲ್ಲಲ್ಲಿ ತಟ್ಟುತ್ತ ಬನ್ನಿ. ಟಣ್ ಎಂದರೆ ಸರಿ. ಸದ್ದು ಬದ್ದಾಗಿ, ಚಕ್ಕೆ ಉದುರಿದರೆ ಅಲ್ಲಿ ಗುರುತು ಹಾಕಿ. ಮೇಲ್ಮೈ ತುಕ್ಕಾದರೆ ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕನ್ನು ಗಟ್ಟಿ ಪೊರೆಯಾಗಿ ಮಾರ್ಪಡಿಸುವ ದ್ರಾವಣ ಹಚ್ಚಿ, ಒಣಗಿದ ಮೇಲೆ ಪ್ರೈಮರ್ ಕೊಡಿಸಿ. ಇಂಥ ದ್ರಾವಣಗಳು ಕೆಲವು ಟ್ಯಾನಿನ್‌ನಿಂದ ತಯಾರಾದವು. ಹಚ್ಚಿದೊಡನೆ ಕೆಂಪು ಹೋಗಿ ಕಡುಕಪ್ಪಾಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಶಾಯಿ ಮಾಡುತ್ತಿದ್ದರಲ್ಲ, ಅದೇ ಕಪ್ಪು. ಬಡಿದಾಗ ಸುತ್ತಿಗೆಯೇ ಒಳಗೆ ಇಳಿದರೆ ಮಾತ್ರ ಯಾವ ಶಾಯಿಯೂ ಸಾಲದು, ಲಾರಿಯನ್ನು ಲೋಡಿಗೆ ಕಳಿಸದೆ ಕಂಪನಿಯ ವರ್ಕ್‌ಶಾಪಿಗೆ ಒಯ್ಯಬೇಕು.